ತಿಥಿ ಹಿರಿದೋ, ಸಂಕಲ್ಪ ಹಿರಿದೋ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ಹಿಂದಿನವರ ಬಾಳು ಪಂಚಾಂಗವನ್ನು ಅನುಸರಿಸಿ ನಡೆಯುತ್ತಿತ್ತು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ಬಲ್ಲವರು ಕೆಲವರೇ. ಬಿತ್ತನೆ, ಮದುವೆ, ಪಯಣ, ಉಪವಾಸಗಳಿಗೆ ಉಳಿದವರು ಅವರನ್ನು ಕೇಳುತ್ತಿದ್ದರು. ರೋಹಿಣಿಯೊಂದೇ ಇಬ್ಬರಿಗೆ ಒದಗುತ್ತಿತ್ತು: ಸೂರ್ಯನು ವರುಷಕ್ಕೊಮ್ಮೆ ಅದನ್ನು ಹೊಕ್ಕಾಗ ರೈತನಿಗೆ ರೋಹಿಣಿ ಮಳೆ, ಚಂದ್ರನು 27 ದಿನಗಳಿಗೊಮ್ಮೆ ಅದನ್ನು ಕೂಡಿದಾಗ ಶ್ರಾವಿಕೆಗೆ ರೋಹಿಣಿ ವ್ರತ.

ಜ್ಯೋತಿಷವು ಜೈನರಿಗೆ ಹೊರಗಿನ ವಿದ್ಯೆಯಲ್ಲ. 1049ರಲ್ಲಿ ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ ‘ಜಾತಕತಿಲಕ’ವನ್ನು ರಚಿಸಿದ ಶ್ರೀಧರಾಚಾರ್ಯರು ಜೈನರು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಗುಣಭದ್ರಾಚಾರ್ಯರ ‘ಉತ್ತರಪುರಾಣ’ವು ಪೂಜೆಗೊಂಡ ಕಾಲವನ್ನು ಅದರ ಪ್ರಶಸ್ತಿಯು ಶಕ 820, ಪಿಂಗಳ ಸಂವತ್ಸರವೆಂದು ಗ್ರಹಸ್ಥಿತಿಯೊಡನೆ ನಮೂದಿಸಿದೆ.

ಆದರೆ ಪಂಚಾಂಗದಿಂದಲೇ ಒಂದು ಸಂದೇಹವೂ ಹುಟ್ಟುತ್ತದೆ. ಚಂದ್ರನು ಸೂರ್ಯನಿಂದ 12 ಅಂಶ ಸರಿಯುವ ಕಾಲವೇ ತಿಥಿ. ಗತಿ ಏಕರೀತಿಯಾಗಿರದ ಕಾರಣ ಅದು ಒಮ್ಮೆ ಸುಮಾರು 20 ತಾಸು, ಒಮ್ಮೆ ಸುಮಾರು 26 ತಾಸು ಇರುತ್ತದೆ. ಸೂರ್ಯೋದಯದ ಮೇಲೆ ಆರು ಘಳಿಗೆ, ಎಂದರೆ 2 ತಾಸು 24 ನಿಮಿಷ, ಉಳಿಯುವ ತಿಥಿಯೇ ವ್ರತಕ್ಕೆ ಗ್ರಾಹ್ಯವೆಂಬುದು ದಿಗಂಬರ ಸಂಪ್ರದಾಯ. ಆದರೂ ಗಣಿತಭೇದದಿಂದ ಎರಡು ಪಂಚಾಂಗಗಳು ಅಷ್ಟಮಿಯನ್ನು ಎರಡು ದಿನ ತೋರಿಸುವುದುಂಟು. ಒಂದೇ ಮನೆಯಲ್ಲಿ ಅತ್ತೆಯು ಇಂದು, ಸೊಸೆಯು ನಾಳೆ ಉಪವಾಸವಿದ್ದರೆ, ಯಾರ ವ್ರತವು ಭಂಗವಾಯಿತು?

ತಿಥಿಯು ನಿಮಿತ್ತ, ಆಹಾರತ್ಯಾಗವೂ ಕಷಾಯಗಳ ಉಪಶಮವೂ ವ್ರತದ ಜೀವ. ಅರಿಯದೆ ದಿನ ತಪ್ಪಿದವಳ ಸಂಕಲ್ಪಕ್ಕೆ ಊನವಿಲ್ಲ. ತನ್ನ ದಿನವೇ ಸರಿಯೆಂದು ಕಲಹಕ್ಕಿಳಿದವಳಾದರೋ ಅನ್ನವನ್ನು ಬಿಟ್ಟರೂ ಮಾನಕಷಾಯವನ್ನು ಉಂಡಳು.

ಹಾಗಾದರೆ ತಿಥಿಯ ಕಟ್ಟೇಕೆ ಎಂದು ಕೇಳಬಹುದು. ಅನುಕೂಲವನ್ನು ಕಾಯುವ ಮನಸ್ಸಿಗೆ ಉಪವಾಸದ ದಿನವು ಎಂದಿಗೂ ಬಾರದು. ನಿಯತವಾದ ಅಷ್ಟಮಿ, ಚತುರ್ದಶಿಗಳು ಆ ನೆಪವನ್ನು ಕಿತ್ತುಕೊಳ್ಳುತ್ತವೆ. ಅಶಕ್ತನಿಗೂ ಸಮಾಜದ ಜೊತೆಯನ್ನು ಕೊಡುತ್ತವೆ. ಆದುದರಿಂದ ಪಂಚಾಂಗವನ್ನು ತೊರೆಯುವುದೂ ಸಲ್ಲದು, ಅದರಿಂದಲೇ ಪುಣ್ಯವೆಂದು ನಂಬುವುದೂ ಸಲ್ಲದು.

ವ್ರತಗಳಲ್ಲಿ ಕೊನೆಯದಾದ ಸಲ್ಲೇಖನೆಯೇ ಇದಕ್ಕೆ ಸಾಕ್ಷಿ. ಗಂಗ ದೊರೆ ಮಾರಸಿಂಹನು 974ರ ಸುಮಾರಿನಲ್ಲಿ ಅದೇ ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಮೂರು ದಿನ ನೋಂತು ದೇಹತ್ಯಾಗ ಮಾಡಿದನು. ಸಮಂತಭದ್ರಾಚಾರ್ಯರು ಸಲ್ಲೇಖನೆಗೆ ಹೇಳಿದ ಕಾರಣಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ; ಅವುಗಳಲ್ಲಿ ಮುಹೂರ್ತವಿಲ್ಲ.

ಪರ್ವಕ್ಕೆ ಮುನ್ನವೇ ಹಿರಿಯರನ್ನು ಕೇಳಿ ಮನೆಮಂದಿಯೆಲ್ಲ ಒಂದೇ ದಿನವನ್ನು ನಿಶ್ಚಯಿಸುವುದು ಲೇಸು. ದಿನವನ್ನು ಪಂಚಾಂಗವು ತೋರಿಸುತ್ತದೆ. ನೋಂಪಿಯನ್ನು ನೋನಬೇಕಾದವನು ಜೀವನೇ.