ಹೆತ್ತವರ ಬಾಯಿಯನ್ನು ಎಂದಾದರೂ ನೋಡಿದ್ದೀರಾ?



ವೃದ್ಧಾಶ್ರಮದಲ್ಲಿರುವ ತಂದೆಯನ್ನೋ ತಾಯಿಯನ್ನೋ ನೋಡಲು ಹೋಗುವಾಗ ನಾವು ಹಣ್ಣು, ಬಿಸ್ಕತ್ತು, ಖರ್ಜೂರ ಕೊಂಡೊಯ್ಯುತ್ತೇವೆ. ಅವುಗಳನ್ನು ತಿನ್ನಬೇಕಾದ ಬಾಯಿ ಹೇಗಿದೆಯೆಂದು ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಹೆತ್ತವರನ್ನು ಅಲ್ಲಿ ಬಿಡುವುದು ಸರಿಯೇ ಎಂಬ ಚರ್ಚೆ ಇಲ್ಲಿ ಬೇಡ. ಮಕ್ಕಳೇ ಇಲ್ಲದವರೂ ಅಲ್ಲಿದ್ದಾರೆ. ಆದರೆ ತಿಂಗಳ ಹಣ ಕಟ್ಟಿದ ಮಾತ್ರಕ್ಕೆ, ಬನೀ ಇಸ್ರಾಈಲ್ ಅಧ್ಯಾಯದ 23ನೆಯ ಸೂಕ್ತದಲ್ಲಿ ಅಲ್ಲಾಹನು ಹೊರಿಸಿದ ಹೊಣೆ ತೀರುವುದಿಲ್ಲ.

ಪ್ರವಾದಿವರ್ಯರ(ಸ) ಕೊನೆಯ ಘಳಿಗೆಯನ್ನು ನೆನೆಯಿರಿ. ಅವರು ಹ. ಆಯಿಶಾರ(ರ) ಎದೆಗೊರಗಿದ್ದರು. ಆಗ ಅಬ್ದುರ್ರಹ್ಮಾನ್ ಬಿನ್ ಅಬೂಬಕರ್(ರ) ಮಿಸ್ವಾಕ್ ಹಿಡಿದು ಒಳಬಂದರು. ಪ್ರವಾದಿವರ್ಯರ(ಸ) ದೃಷ್ಟಿ ಅದರ ಮೇಲೆ ನೆಟ್ಟಿತು. ಬೇಕೇ ಎಂದು ಹ. ಆಯಿಶಾ(ರ) ಕೇಳಿದಾಗ ಅವರು ತಲೆಯಾಡಿಸಿದರು. ಅದು ಗಟ್ಟಿಯಾಗಿತ್ತು, ಆಕೆ ಅದನ್ನು ಮೆದುಗೊಳಿಸಿ ಕೊಟ್ಟರು. ಇದು ಸಹೀಹ್ ಬುಖಾರಿಯಲ್ಲಿದೆ. ಬಾಯಿಬಿಟ್ಟು ಕೇಳಲಾರದವರ ನೋಟವನ್ನು ಓದುವುದೆಂದರೆ ಇದೇ.

ನಮ್ಮ ಹಿರಿಯರು ನಡೆದಾಡುವವರೆಗೆ ಪ್ರತಿ ವುಝೂವಿನಲ್ಲೂ ಬಾಯಿ ಮುಕ್ಕಳಿಸುತ್ತಾರೆ. ಹಾಸಿಗೆ ಹಿಡಿದು, ನೀರು ಬಳಸಲಾಗದೆ ತಯಮ್ಮುಮ್ ಮಾಡತೊಡಗಿದರೆ ಮುಖವನ್ನೂ ಕೈಗಳನ್ನೂ ಮಾತ್ರ ಸವರುತ್ತಾರೆ. ಇದು ಅಲ್ಲಾಹನು ಕೊಟ್ಟ ರಿಯಾಯಿತಿ, ನಮಾಝಿಗೆ ಇದು ಸಾಕು. ಬಾಯಿಗೆ ಸಾಲದು! ದಿನಕ್ಕೆ ಐದು ಬಾರಿ ತೊಳೆಯುತ್ತಿದ್ದ ಬಾಯಿ ಅಂದಿನಿಂದ ಹಾಗೆಯೇ ಉಳಿಯುತ್ತದೆ. ಅದು ಯಾರ ಗಮನಕ್ಕೂ ಬರುವುದಿಲ್ಲ.

ಅಲ್ಲಿ ಬೆಳೆದ ರೋಗಾಣುಗಳು ಉಗುಳಿನೊಂದಿಗೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಬರುತ್ತದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ನಂತರ ಆರೈಕೆಯವರೇ ಹಲ್ಲುಜ್ಜಿ ಬಾಯಿ ಶುಚಿಗೊಳಿಸಿದ 184 ಮಂದಿಯಲ್ಲಿ 21 ಮಂದಿಗೆ ನ್ಯುಮೋನಿಯಾ ಬಂತು; ಈ ಆರೈಕೆಯಿಲ್ಲದ 182 ಮಂದಿಯಲ್ಲಿ 34 ಮಂದಿಗೆ.

ಆದ್ದರಿಂದ ಮುಂದಿನ ಬಾರಿ ಒಂದು ಮೃದುವಾದ ಬ್ರಷ್ ಕೊಂಡೊಯ್ಯಿರಿ. ಹಲ್ಲಿಲ್ಲದವರ ವಸಡನ್ನೂ ನಾಲಗೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ, ವೈದ್ಯರನ್ನು ಕೇಳಿರಿ.

ಇನ್ನು ನುಂಗುವ ವಿಷಯ. ಲಕ್ವ ಹೊಡೆದವರಿಗೂ ಮರೆವಿನ ಕಾಯಿಲೆಯವರಿಗೂ ಇದು ಕಷ್ಟವಾಗಬಹುದು. ಉಣ್ಣುವಾಗ ಕೆಮ್ಮು, ಉಂಡ ಬಳಿಕ ಗಂಟಲಲ್ಲಿ ನೀರು ನಿಂತಂತಹ ಧ್ವನಿ, ಕೆನ್ನೆಯೊಳಗೆ ಉಳಿದ ತುತ್ತು ಇದರ ಗುರುತುಗಳು. ಹಟವೆಂದು ಗದರಿಸಬೇಡಿ, ವೈದ್ಯರಿಗೆ ತೋರಿಸಿರಿ. ಕೆಲವರಿಗೆ ಗಂಜಿಗಿಂತ ನೀರೇ ಕಷ್ಟ. ತೆಳುವಾದುದು ಬೇಗ ಜಾರಿ ಶ್ವಾಸನಾಳ ಸೇರುತ್ತದೆ. ನೆಟ್ಟಗೆ ಕುಳ್ಳಿರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ಕೊಡಿರಿ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಹತ್ತಾರು ಮಂದಿಗೆ ಉಣ್ಣಿಸಬೇಕಾದ ಆಯಾಳನ್ನು ದೂರಿ ಫಲವೇನು? ನೀವು ಹೋದ ದಿನದ ಊಟವಾದರೂ ನಿಮ್ಮ ಕೈಯಿಂದಾಗಲಿ.

ಒತ್ತಾಯ ಮಾತ್ರ ಬೇಡ. ಪ್ರವಾದಿವರ್ಯರು(ಸ) ಕಾಯಿಲೆಯಲ್ಲಿದ್ದಾಗ, ಅವರು ಬೇಡವೆಂದು ಸನ್ನೆ ಮಾಡಿದರೂ ಮನೆಯವರು ಬಾಯಿಗೆ ಔಷಧಿ ಹಾಕಿದರು. ರೋಗಿಗೆ ಔಷಧಿ ಬೇಡವೆನಿಸುವುದು ಸಹಜವೆಂದು ಅವರು ಭಾವಿಸಿದ್ದರು. ಎಚ್ಚರವಾದಾಗ ಪ್ರವಾದಿವರ್ಯರು(ಸ) ಅದನ್ನು ಆಕ್ಷೇಪಿಸಿದರು. ಇದೂ ಬುಖಾರಿಯಲ್ಲಿದೆ.

ಝಮ್‌ಝಮ್ ನೀರಿನ ಕುರಿತೂ ಹೇಳಬೇಕು. ಮಂಪರಿನಲ್ಲಿ ಮಲಗಿರುವವರ ಬಾಯಿಗೆ ನಾವು ಪ್ರೀತಿಯಿಂದಲೇ ಅದನ್ನು ಸುರಿಯುತ್ತೇವೆ, ಅದು ಉಸಿರಿನ ದಾರಿ ಹಿಡಿಯುತ್ತದೆ. ಶುಭ್ರವಾದ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿಯನ್ನೂ ನಾಲಗೆಯನ್ನೂ ಒದ್ದೆ ಮಾಡಿದರೆ ಸಾಕು.