ಬೆಲೆ, ಮೌಲ್ಯ ಮತ್ತು ಅನುಮೋದನೆ

ಕೃತ, ಕಾರಿತ, ಅನುಮತ ಎಂಬ ಮೂರು ಮಾತುಗಳನ್ನು ಕೇಳದ ಶ್ರಾವಕನಿಲ್ಲ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಈ ಮೂರೂ ಕರ್ಮಾಸ್ರವಕ್ಕೆ ಕಾರಣವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಮೊದಲೆರಡರ ವಿಷಯದಲ್ಲಿ ಗೃಹಸ್ಥನಿಗೆ ಹೆಚ್ಚು ಸಂದೇಹ ಉಂಟಾಗುವುದಿಲ್ಲ. ಮೂರನೆಯದು ಮಾತ್ರ ಸೂಕ್ಷ್ಮವಾದುದು. ಕೈ ಮುಟ್ಟದೆ, ಬಾಯಿ ಸೋಕದೆ, ಕೇವಲ ಮನಸ್ಸಿನ ಒಪ್ಪಿಗೆಯಿಂದ ನಡೆಯುವ ಕ್ರಿಯೆಯಾದುದರಿಂದ ಅದು ನಡೆದುಹೋದದ್ದೇ ಅನೇಕ ವೇಳೆ ತಿಳಿಯುವುದಿಲ್ಲ.

ಇದನ್ನು ವಿಚಾರಿಸಲು ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಕರ್ನಾಟಕದ ಒಂದು ಜೈನ ಮನೆತನದ ತರುಣ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅಷ್ಟಮೂಲಗುಣಗಳನ್ನು ಬಾಲ್ಯದಿಂದ ಪಾಲಿಸಿದವನು. ಹತ್ತು ವರ್ಷಗಳ ಸೇವೆಯನ್ನು ಮೆಚ್ಚಿ ಮೇಲಧಿಕಾರಿ ಅವನಿಗೆ ಆ ನಾಡಿನ ಹೆಮ್ಮೆಯ ಪದಾರ್ಥವಾದ ಬರ್ಬನ್ ವಿಸ್ಕಿಯ ಅಪರೂಪದ ಬಾಟಲಿಯೊಂದನ್ನು ಉಡುಗೊರೆಯಾಗಿ ಕೊಡುತ್ತಾನೆ. ಸಂಕೋಚದಿಂದ ತರುಣ ಅದನ್ನು ಸ್ವೀಕರಿಸುತ್ತಾನೆ. ಅದರ ಬೆಲೆ ನೂರಾರು ಡಾಲರ್ ಎಂದು ಆಮೇಲೆ ತಿಳಿಯುತ್ತದೆ. ಊರಿನಲ್ಲಿರುವ ತಂದೆಗೆ ದೂರವಾಣಿಯಲ್ಲಿ ಕೇಳುತ್ತಾನೆ: “ಅಪ್ಪಾ, ಇದನ್ನು ನಾನಂತೂ ಮುಟ್ಟುವುದಿಲ್ಲ. ಚೆಲ್ಲಿದರೆ ಯಾರಿಗೂ ಉಪಯೋಗವಿಲ್ಲ. ಮಾರಿ ಬಂದ ಹಣವನ್ನು ನಮ್ಮ ಬಸದಿಯ ಜೀರ್ಣೋದ್ಧಾರಕ್ಕೆ ಕಳುಹಿಸಲೇ?” ತಂದೆ ಬಸದಿಯ ಟ್ರಸ್ಟಿನ ಸದಸ್ಯರು. ಅವರಿಗೆ ಕೂಡಲೇ ಉತ್ತರ ಹೊಳೆಯುವುದಿಲ್ಲ.

ಉತ್ತರಕ್ಕೆ ಮೊದಲು ಆ ಬಾಟಲಿಯ ಬೆಲೆ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕು. ತ್ಯಾಜ್ಯ ವಸ್ತುವಿನ ಸ್ವರೂಪವನ್ನು ತಿಳಿದು ತ್ಯಜಿಸುವುದೇ ವಿವೇಕ.

ಬರ್ಬನ್ ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ಆ ದೇಶದ ಕಾಂಗ್ರೆಸ್ 1964ರಲ್ಲಿ ಗೊತ್ತುವಳಿ ಮಾಡಿತು. ಅದರ ಧಾನ್ಯಗಳಲ್ಲಿ ಕನಿಷ್ಠ ಶೇಕಡ 51 ಪಾಲು ಮೆಕ್ಕೆಜೋಳವಿರಬೇಕು. ಭಟ್ಟಿ ಇಳಿಸಿದ ದ್ರವವನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ಇಡಬೇಕು. ಹೊರಗಿನಿಂದ ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸಕೂಡದು. ಪೀಪಾಯಿಗೆ ಇಳಿಯುವಾಗ ಆ ದ್ರವ ನೀರಿನಂತೆ ನಿರ್ವರ್ಣವಾಗಿರುತ್ತದೆ. ಬೇಸಿಗೆಯ ಶಾಖಕ್ಕೆ ಹಿಗ್ಗಿ ಮರದೊಳಗೆ ಹೊಕ್ಕು, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತ, ವರ್ಷಗಳು ಕಳೆದಂತೆ ಕೆಂಗಂದು ಬಣ್ಣವನ್ನೂ ವೆನಿಲಾ, ಸುಟ್ಟ ಸಕ್ಕರೆ, ತೆಂಗಿನಕಾಯಿಗಳನ್ನು ಹೋಲುವ ವಾಸನೆಗಳನ್ನೂ ಮರದಿಂದ ಪಡೆಯುತ್ತದೆ. ಪ್ರತಿವರ್ಷ ಒಂದಂಶ ಆವಿಯಾಗಿ ಹೋಗುತ್ತದೆ. ಈ ನಷ್ಟಕ್ಕೆ ಅಲ್ಲಿಯವರು ‘ದೇವದೂತರ ಪಾಲು’ ಎನ್ನುತ್ತಾರೆ.

ಕೆಲವು ಬರ್ಬನ್‌ಗಳಿಗೆ ಇದರ ಮೇಲೆ ಇನ್ನೊಂದು ಸಂಸ್ಕಾರ ಉಂಟು. ವರ್ಷಗಳ ಕಾಲ ಓಕ್ ಪೀಪಾಯಿಯಲ್ಲಿದ್ದ ದ್ರವವನ್ನು, ಹಿಂದೆ ಪೋರ್ಚುಗಲ್ಲಿನ ಪೋರ್ಟ್ ಅಥವಾ ಸ್ಪೇನಿನ ಶೆರ್ರಿ ದ್ರಾಕ್ಷಾಮದ್ಯವನ್ನೋ ರಮ್ ಅನ್ನೋ ತುಂಬಿದ್ದ ಪೀಪಾಯಿಗೆ ಸುರಿದು ಕೆಲವು ತಿಂಗಳು ಇಡುತ್ತಾರೆ. ಬರಿದಾದ ಪೀಪಾಯಿಯ ಹಲಗೆಗಳಲ್ಲಿ ಉಳಿದಿದ್ದ ಹಳೆಯ ರಸದ ವಾಸನೆ ಹೊಸ ರಸಕ್ಕೆ ಅಂಟುತ್ತದೆ. ಲೂಯಿವಿಲ್ ನಗರದ ‘ಏಂಜಲ್ಸ್ ಎನ್ವಿ’ ಎಂಬ ಹೆಸರಿನ ಬರ್ಬನ್ ಈ ಬಗೆಗೆ ಪ್ರಸಿದ್ಧವಾದುದು. ಹಿರಿಯ ತಯಾರಕ ಲಿಂಕನ್ ಹೆಂಡರ್ಸನ್ ಪೋರ್ಟ್ ಪೀಪಾಯಿಯ ಸಂಸ್ಕಾರದಿಂದ ಅದನ್ನು ರೂಪಿಸಿದರು. ಇಂಥ ಬಾಟಲಿಯ ಮೇಲೆ ಎರಡನೆಯ ಪೀಪಾಯಿಯ ಸಂಗತಿಯನ್ನು ನಮೂದಿಸಬೇಕು. ಬರಿದೆ ಬರ್ಬನ್ ಎಂದರೆ ಸಾಲದು. ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಆಚಾರ್ಯರು ಎಣಿಸಿರುವುದನ್ನು ಬಲ್ಲ ವರ್ತಕರಿಗೆ ಈ ನಿಯಮದ ಔಚಿತ್ಯ ಸುಲಭವಾಗಿ ತಿಳಿಯುತ್ತದೆ.

ಮರದಿಂದ ದ್ರವಕ್ಕೆ ಇಳಿಯುವ ಒಗರು ರಸಕ್ಕೆ ಸಂಸ್ಕೃತದಲ್ಲಿ ಕಷಾಯವೆಂದೇ ಹೆಸರು. ಪುದ್ಗಲದ ಐದು ರಸಗಳಲ್ಲಿ ಅದೂ ಒಂದು. ಕ್ರೋಧ, ಮಾನ, ಮಾಯೆ, ಲೋಭಗಳಿಗೆ ಅದೇ ಹೆಸರು ಏಕೆಂಬುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತ, ಆಲ ಮುಂತಾದ ಮರಗಳ ಒಗರು ರಸ ಅಂಟಿಕೆಗೆ ಕಾರಣವಾಗುವಂತೆ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟಲು ಕಾರಣವಾಗುತ್ತವೆ ಎನ್ನುತ್ತಾರೆ. ನಿರ್ವರ್ಣವಾಗಿ ಪೀಪಾಯಿ ಹೊಕ್ಕು ಬಣ್ಣವೇರಿ ಹೊರಬರುವ ದ್ರವ ಈ ಮಾತಿಗೆ ತಕ್ಕ ದೃಷ್ಟಾಂತವಾಗಿದೆ. ಲೋಕ ಮಾತ್ರ ಅಂಟಿದ ಬಣ್ಣಕ್ಕೇ ಹೆಚ್ಚಿನ ಬೆಲೆ ಕಟ್ಟುತ್ತದೆ.

ಇನ್ನು ಬೆಲೆ ಕಟ್ಟುವವರ ವಿಷಯ. ರುಚಿಯ ಪರೀಕ್ಷೆ ಅಲ್ಲಿ ಒಂದು ವಿದ್ಯೆಯಾಗಿ ಬೆಳೆದಿದೆ. ಪರೀಕ್ಷಕ ತುಟಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪ ದ್ರವ ತೆಗೆದುಕೊಂಡು ಮೊದಲು ವಾಸನೆಯನ್ನು ಗ್ರಹಿಸುತ್ತಾನೆ. ಬಾಯಲ್ಲಿ ಆಡಿಸಿ, ಎರಡು ಹನಿ ನೀರು ಬೆರೆಸಿ ಮತ್ತೆ ನೋಡುತ್ತಾನೆ. ಓಕಿನ ಒಗರೂ ಪೋರ್ಟಿನ ಹಣ್ಣಿನ ಸಿಹಿಯೂ ಹದವಾಗಿ ಕೂಡಿವೆಯೋ, ಎರಡನೆಯ ಪೀಪಾಯಿ ಮೊದಲಿನದನ್ನು ಮುಚ್ಚಿಹಾಕಿದೆಯೋ ಎಂಬುದು ಅವನ ಮುಖ್ಯ ವಿಚಾರ. ಪ್ರಾಮಾಣಿಕ ಪರೀಕ್ಷೆಯಲ್ಲಿ ಬಾಟಲಿಯ ಹೆಸರನ್ನೂ ಬೆಲೆಯನ್ನೂ ಮರೆಮಾಡಿರುತ್ತಾರೆ. ಅನೇಕ ಮಾದರಿಗಳನ್ನು ನೋಡಬೇಕಾದವನು ಪ್ರತಿ ಗುಟುಕನ್ನೂ ಉಗುಳುತ್ತಾನೆ. ನುಂಗುತ್ತ ಹೋದರೆ ತೀರ್ಪು ಕೆಡುತ್ತದೆ. ಸರಿಯಾಗಿ ತಿಳಿಯಬೇಕಾದರೆ ಭೋಗವನ್ನು ಬಿಡಬೇಕೆಂಬ ಸತ್ಯ ಪಾನಶಾಲೆಯ ನಡುವೆಯೂ ಒಪ್ಪಿತವಾಗಿದೆ.

ಹೆಸರನ್ನೂ ಬೆಲೆಯನ್ನೂ ಮರೆಮಾಡುವ ಅಗತ್ಯವೇನೆಂಬುದಕ್ಕೆ ದ್ರಾಕ್ಷಾಮದ್ಯದ ಮೇಲೆ ನಡೆದ ಎರಡು ಅಧ್ಯಯನಗಳು ಉತ್ತರಿಸುತ್ತವೆ. 2008ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಸಂಶೋಧನೆಯೊಂದರಲ್ಲಿ ಹಿಲ್ಕೆ ಪ್ಲಾಸ್‌ಮನ್, ಆಂಟೋನಿಯೊ ರಾಂಗೆಲ್ ಮತ್ತು ಸಂಗಡಿಗರು ಒಂದೇ ಮದ್ಯವನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ದುಬಾರಿ ಎಂದಾಗ ಜನ ಹೆಚ್ಚು ರುಚಿಯೆಂದರು. ಬಾಯಿಮಾತಿನಲ್ಲಿ ಅಷ್ಟೇ ಅಲ್ಲ, ಸುಖಾನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗವೂ ಹೆಚ್ಚು ಚುರುಕಾದುದು ಯಂತ್ರದಲ್ಲಿ ಕಂಡಿತು. ಅದೇ ವರ್ಷ ರಾಬರ್ಟ್ ಹಾಡ್ಜ್‌ಸನ್, ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯಿಂದ ಸುರಿದ ಮಾದರಿಯನ್ನು ತೀರ್ಪುಗಾರರಿಗೆ ತಿಳಿಸದೆ ಮೂರು ಸಲ ಕೊಟ್ಟು ನೋಡಿದ ಫಲಿತಾಂಶವನ್ನು ಪ್ರಕಟಿಸಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ತೀರ್ಪು ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ.

ಇದರಿಂದ ರುಚಿಯೆಂಬುದೇ ಇಲ್ಲವೆಂದು ತೀರ್ಮಾನಿಸಬಾರದು. ರಸ, ಗಂಧಗಳು ಪುದ್ಗಲದ ನಿಜವಾದ ಗುಣಗಳು. ಅಭ್ಯಾಸವುಳ್ಳವನು ಅವುಗಳ ಭೇದವನ್ನು ಗ್ರಹಿಸಬಲ್ಲನು. ಆದರೆ ಗುಣವನ್ನು ಗ್ರಹಿಸುವುದು ಬೇರೆ, ಬೆಲೆಗೆ ಮಣಿಯುವುದು ಬೇರೆ. ನಾಲಗೆ ರುಚಿಯನ್ನು ತಿಳಿಯುವ ಮೊದಲೇ ಬೆಲೆಯನ್ನು ಕೇಳಿದ ಮನಸ್ಸು ತೀರ್ಪು ಕೊಟ್ಟಿರುತ್ತದೆ.

ವರ್ತಕನ ಲೆಕ್ಕದಲ್ಲಿ ಹೇಳುವುದಾದರೆ, ಆ ಬಾಟಲಿಯ ಬೆಲೆಯನ್ನು ಬಿಡಿಸಿ ಬರೆಯಬಹುದು. ಧಾನ್ಯ, ಇಂಧನ, ಪೀಪಾಯಿ, ಉಗ್ರಾಣ, ತೆರಿಗೆ, ಆವಿಯಾದ ಅಂಶ, ವರ್ಷಗಟ್ಟಲೆ ತೊಡಗಿದ ಬಂಡವಾಳದ ಬಡ್ಡಿ, ಇವೆಲ್ಲ ಕೂಡಿಸಬಹುದಾದ ಬಾಬತ್ತುಗಳು. ಅಪರೂಪದ ಬಾಟಲಿಗಳ ವಿಷಯದಲ್ಲಿ ಈ ಮೊತ್ತಕ್ಕೂ ಮಾರಾಟದ ಬೆಲೆಗೂ ನಡುವೆ ದೊಡ್ಡ ಅಂತರ ಉಳಿಯುತ್ತದೆ. ಆ ಅಂತರವನ್ನು ಯಾವ ಬಾಬತ್ತಿಗೆ ಬರೆಯಬೇಕು? ಅದು ಅನೇಕರ ಮೆಚ್ಚುಗೆಯ, ಒಬ್ಬರನ್ನೊಬ್ಬರು ನೋಡಿ ಹುಟ್ಟಿದ ಆಸೆಯ ಮೊತ್ತ. ಶಾಸ್ತ್ರದ ಮಾತಿನಲ್ಲಿ ಅದು ಅನುಮೋದನೆ. ಕುಡಿದವರೂ ಕುಡಿಯದವರೂ ಸೇರಿ ಅದನ್ನು ಬೆಳೆಸುತ್ತಾರೆ.

ಈ ಅನುಮೋದನೆಯ ಬಲ ಎಷ್ಟೆಂಬುದಕ್ಕೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2023ರಲ್ಲಿ ಬಯಲಾದ ಪ್ರಕರಣ ಸಾಕ್ಷಿ. ಮದ್ಯದ ಮಾರಾಟವನ್ನು ನಿಯಂತ್ರಿಸುವ ಸರ್ಕಾರಿ ಆಯೋಗದ ಹಿರಿಯ ಅಧಿಕಾರಿಗಳು ‘ಪ್ಯಾಪಿ ವ್ಯಾನ್ ವಿಂಕಲ್’ ಮೊದಲಾದ ದುರ್ಲಭ ಬರ್ಬನ್ ಬಾಟಲಿಗಳನ್ನು ತಮಗಾಗಿ ಕಾದಿರಿಸಿಕೊಂಡಿದ್ದರು. ಅವರು ಪೂರ್ಣ ಬೆಲೆ ತೆತ್ತೇ ಕೊಂಡಿದ್ದರು. ಸಾಮಾನ್ಯ ಗ್ರಾಹಕನಿಗೆ ಸಿಗದ ಅವಕಾಶವನ್ನು ಅಧಿಕಾರದಿಂದ ಪಡೆದದ್ದೇ ಅವರ ದೋಷ. ಜೀವನಕ್ಕೆ ಕಿಂಚಿತ್ತೂ ಅಗತ್ಯವಿಲ್ಲದ ವಸ್ತುವೊಂದು ಜವಾಬ್ದಾರಿಯ ಸ್ಥಾನದಲ್ಲಿದ್ದವರ ನಿಯತ್ತನ್ನು ಸಡಿಲಿಸಿತು.

ಈಗ ಆ ತರುಣನ ಪ್ರಶ್ನೆಗೆ ಬರಬಹುದು. ಮಾರುವುದಕ್ಕೆ ಕಾನೂನಿನ ಅಡ್ಡಿಯೂ ಇರದಿರಬಹುದು. ಬೇರೆಡೆ ದೊರೆಯದ ಹಳೆಯ ಬಾಟಲಿಗಳನ್ನು ಖಾಸಗಿ ವ್ಯಕ್ತಿಗಳಿಂದ ಪರವಾನಗಿಯುಳ್ಳ ಅಂಗಡಿಗಳು ಕೊಳ್ಳಲು ಕೆಂಟಕಿಯ ಕಾನೂನು 2018ರಿಂದ ಅವಕಾಶ ಕೊಟ್ಟಿದೆ. ಆದರೆ ಕಾನೂನಿನ ಅನುಮತಿ ಧರ್ಮದ ಅನುಮತಿಯಲ್ಲ. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆತು ಹಿಂಸೆಗೆ ಅಂಜುವುದಿಲ್ಲ, ಅದು ರಸಜ ಜೀವಗಳ ಉತ್ಪತ್ತಿಸ್ಥಾನವೂ ಹೌದು ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ತಾನು ಕುಡಿಯಲು ಯೋಗ್ಯವಲ್ಲವೆಂದು ತಿಳಿದದ್ದನ್ನು ಮತ್ತೊಬ್ಬನ ಬಾಯಿಗೆ ತಲುಪಿಸಿ ಹಣ ಪಡೆಯುವುದು ಕಾರಿತ. ರಸವಾಣಿಜ್ಯವನ್ನು ಶ್ರಾವಕನಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ಹಣ ಬಸದಿಗೆ ಹೋಗುತ್ತದೆಂಬುದರಿಂದ ಕ್ರಿಯೆಯ ಸ್ವರೂಪ ಬದಲಾಗುವುದಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ದಾನಕ್ಕೆ ಮುಂಚೆ ಗಳಿಕೆಯ ಶುದ್ಧಿ ಬೇಕು. ದಾನ ಗಳಿಕೆಯನ್ನು ತೊಳೆಯುವ ನೀರಲ್ಲ.

ತೆರೆಯದೆ ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟರೇನು ಎಂಬ ಇನ್ನೊಂದು ಪ್ರಶ್ನೆ ಏಳಬಹುದು. ಕುಡಿಯದವನ ಮನೆಯಲ್ಲಿ ಅದಕ್ಕೆ ಬೆಲೆಯ ಹೊರತು ಬೇರೆ ಪ್ರಯೋಜನವಿಲ್ಲ. ಬಂದವರು ನೋಡಿ ಬೆರಗಾಗಲಿ ಎಂಬುದೇ ಅದರ ಉಪಯೋಗವಾದರೆ, ಭೋಗವಿಲ್ಲದಿದ್ದರೂ ಅನುಮೋದನೆಯೂ ಪರಿಗ್ರಹವೂ ಉಳಿದವು. ಮೂರ್ಛೆಯೇ ಪರಿಗ್ರಹವೆಂಬ ಲಕ್ಷಣ ಇಲ್ಲಿ ಸ್ಪಷ್ಟವಾಗಿ ಅನ್ವಯಿಸುತ್ತದೆ.

ಕೊಡುವ ಕ್ಷಣದಲ್ಲಿಯೇ ಕೈಮುಗಿದು, “ತಮ್ಮ ವಿಶ್ವಾಸ ದೊಡ್ಡದು, ಈ ಪದಾರ್ಥವನ್ನು ನಮ್ಮ ಮನೆಯಲ್ಲಿ ಬಳಸುವುದಿಲ್ಲ” ಎಂದು ವಿನಯದಿಂದ ಹೇಳಿದ್ದರೆ ಅದು ಎಲ್ಲಕ್ಕಿಂತ ಉತ್ತಮವಾಗುತ್ತಿತ್ತು. ಕೊಟ್ಟವನ ಪ್ರೀತಿ ಬಾಟಲಿಯಲ್ಲಿಲ್ಲ. ಬಾಟಲಿಯನ್ನು ಒಲ್ಲದೆಯೂ ಪ್ರೀತಿಯನ್ನು ಸ್ವೀಕರಿಸಬಹುದು. ಈಗ ಅದು ಸ್ವಂತದ್ದಾಗಿರುವುದರಿಂದ ಚೆಲ್ಲುವುದೊಂದೇ ನಿರ್ದೋಷ ಮಾರ್ಗ. ಅದನ್ನೂ ಸದ್ದಿಲ್ಲದೆ ಮಾಡಬೇಕು. ಇಷ್ಟು ಡಾಲರಿನದನ್ನು ಚೆಲ್ಲಿದೆನೆಂದು ಹೇಳಿಕೊಂಡರೆ ಲೋಭ ಹೋದ ಜಾಗದಲ್ಲಿ ಮಾನಕಷಾಯ ಬಂದು ಕುಳಿತಂತಾಗುತ್ತದೆ. ಚೆಲ್ಲುವಾಗ ಒಳಗೆ ಏನೋ ಕಳೆದುಕೊಂಡಂತೆ ಆಗಬಹುದು. ಆ ಕಸಿವಿಸಿಯನ್ನು ಅವನು ಸರಿಯಾಗಿ ನೋಡಿಕೊಳ್ಳಬೇಕು. ಒಂದು ಹನಿಯನ್ನೂ ಸವಿಯದವನಿಗೆ ನಷ್ಟವಾದದ್ದೇನು? ರಸ ನಾಲಗೆಯನ್ನು ಮುಟ್ಟದಿದ್ದರೂ ಬೆಲೆ ಮನಸ್ಸನ್ನು ಮುಟ್ಟಿತ್ತು ಎಂಬುದನ್ನು ಆ ನೋವೇ ತಿಳಿಸುತ್ತದೆ.

ತಂದೆಗೂ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಬಸದಿಗಳಲ್ಲಿ ಅಭಿಷೇಕದ ಕಲಶಕ್ಕೆ, ಆರತಿಗೆ, ಪಲ್ಲಕ್ಕಿಗೆ ಸವಾಲು ಕೂಗುವ ಪದ್ಧತಿ ಉಂಟು. ಅದರಿಂದ ಜೀರ್ಣೋದ್ಧಾರವೂ ಆಹಾರದಾನವೂ ನಡೆಯುತ್ತವೆ, ಪದ್ಧತಿಯನ್ನು ದೂಷಿಸಬೇಕಾಗಿಲ್ಲ. ಆದರೆ ಮೊದಲನೆಯ ಕಲಶದ ಜಲಕ್ಕೂ ಕೊನೆಯ ಕಲಶದ ಜಲಕ್ಕೂ ರಸದಲ್ಲಿ ಭೇದವಿಲ್ಲ. ಹೆಚ್ಚು ಕೂಗಿದವನ ಭಕ್ತಿ ಹೆಚ್ಚಿನದೆಂದು ಸಭೆ ತಿಳಿಯಿತಾದರೆ, 90 ಡಾಲರ್ ಎಂದು ಕೇಳಿ ರುಚಿಯೆಂದವರಿಗೂ ಆ ಸಭೆಗೂ ಏನು ವ್ಯತ್ಯಾಸ? ಮೂಲೆಯಲ್ಲಿ ನಿಂತು ಹುಂಡಿಗೆ ಹತ್ತು ರೂಪಾಯಿ ಹಾಕಿ ಹೋಗುವ ಮುದುಕಿಯ ಪುಣ್ಯವನ್ನು ಸವಾಲಿನ ಪಟ್ಟಿಯಿಂದ ಅಳೆಯಲಾಗದು. ಮದ್ಯದ ಪರೀಕ್ಷಕರೂ ಹೆಸರನ್ನೂ ಬೆಲೆಯನ್ನೂ ಮರೆಮಾಡಿ ಗುಣವನ್ನು ನೋಡುವ ಎಚ್ಚರಿಕೆ ವಹಿಸುತ್ತಾರಾದರೆ, ದಾನವನ್ನು ಸ್ವೀಕರಿಸುವ ಟ್ರಸ್ಟುಗಳು ವರ್ಷದಲ್ಲಿ ಕೆಲವು ದಾನಗಳನ್ನಾದರೂ ಹೆಸರಿಲ್ಲದೆ, ಮೊತ್ತ ಸಾರದೆ ಸ್ವೀಕರಿಸುವುದು ಅಸಾಧ್ಯವೇನಲ್ಲ.

ಬೆಲೆ ಪೇಟೆಯಲ್ಲಿ ನಿಶ್ಚಯವಾಗುತ್ತದೆ, ಮೌಲ್ಯ ಪರಿಣಾಮಗಳಲ್ಲಿ ನಿಶ್ಚಯವಾಗುತ್ತದೆ. ಇವೆರಡರ ನಡುವಿನ ಅಂತರವನ್ನು ತುಂಬುವುದು ಅನುಮೋದನೆ. ಅದು ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲಿದೆ. ಯಾವುದನ್ನು ಮೆಚ್ಚಬೇಕು, ಯಾವುದಕ್ಕೆ ಮೆಚ್ಚುಗೆಯನ್ನು ಕೊಡದೆ ಹಿಡಿದಿಟ್ಟುಕೊಳ್ಳಬೇಕು ಎಂಬ ವಿವೇಕವೂ ವ್ರತಪಾಲನೆಯ ಒಂದು ಭಾಗವೇ ಆಗಿದೆ.