ನೋವು ವಿದ್ಯೆಯಾಗುವ ಪರಿ

ಕಷ್ಟ ಮನುಷ್ಯನನ್ನು ಮಾಗಿಸುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಕಷ್ಟ ಕಂಡವರೆಲ್ಲ ಮಾಗುವುದಿಲ್ಲ. ಕೆಲವರು ಮುರಿದುಹೋಗುತ್ತಾರೆ, ಕೆಲವರ ಮನಸ್ಸು ಕಹಿಯಾಗುತ್ತದೆ, ಇನ್ನು ಕೆಲವರು ತಾವು ಪಟ್ಟ ಪಾಡನ್ನು ಮಿಕ್ಕವರೂ ಪಡಲಿ ಎನ್ನುತ್ತಾರೆ. ಹೀಗಿರುವಾಗ ಒಬ್ಬರ ನೋವು ವಿದ್ಯೆಯಾಗಿ, ಆ ವಿದ್ಯೆ ಎಷ್ಟೋ ಮಕ್ಕಳ ಅನ್ನವಾಗಿ, ತಲೆಮಾರು ದಾಟಿ ನಡೆದದ್ದನ್ನು ಕಂಡರೆ ಬೆರಗಾಗದೆ ಇರಲು ಸಾಧ್ಯವೇ? ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದಾಗಲೆಲ್ಲ ನನಗೆ ಆಗುವುದು ಈ ಬೆರಗು.

1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಅದಕ್ಕೆ ದೃಷ್ಟಿಯಿರಲಿಲ್ಲ, ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಆ ಕಾಲದ ಹಳ್ಳಿಯಲ್ಲಿ, ಬಡವರ ಮನೆಯಲ್ಲಿ, ಅಂಥ ಮಕ್ಕಳ ಪಾಲಿಗೆ ಉಳಿಯುತ್ತಿದ್ದ ದಾರಿ ಯಾವುದೆಂದು ಹೇಳಬೇಕಿಲ್ಲ. ಆದರೆ ಇಬ್ಬರಿಗೂ ಕಂಠವಿತ್ತು. ಅವರ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಮುಂದೆ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದ ಸ್ವಾಮಿಗಳು ಅವರು. ‘ಪಾಪ’ ಎಂದು ಮರುಗಿ ಮುಂದೆ ಹೋಗದೆ, ಮಕ್ಕಳನ್ನು ಕರೆದೊಯ್ದು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ವಶಮಾಡಿಕೊಂಡ ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಒಬ್ಬ ಪ್ರತಿಭಾವಂತ ಗೆದ್ದ ಕಥೆಯಾಗುತ್ತಿತ್ತು. ದೊಡ್ಡ ಗಾಯಕನಿಗೆ ಹೆಸರು, ಬಿರುದು, ಬಿದಾಗಿ ಸಿಗುತ್ತವೆ. ಬಾಲ್ಯದ ಕಷ್ಟಕ್ಕೆ ಅಷ್ಟು ಪರಿಹಾರ ಸಾಕು ಎಂದು ಲೋಕವೂ ಒಪ್ಪುತ್ತದೆ. ಗವಾಯಿಗಳಿಗೆ ಅದು ಸಾಕೆನಿಸಲಿಲ್ಲ. ಕಣ್ಣಿಲ್ಲದ, ತಂದೆತಾಯಿಯಿಲ್ಲದ, ಹೊಟ್ಟೆಗಿಲ್ಲದ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರೂರು ಅಲೆದರು. ಪಾಠಶಾಲೆಯೇ ಕಾಲು ಕಟ್ಟಿಕೊಂಡು ನಡೆಯುತ್ತಿತ್ತು. ಕೆಲವೂರುಗಳಲ್ಲಿ ಊಟ ಸಿಗುತ್ತಿತ್ತು, ಕೆಲವೂರುಗಳಲ್ಲಿ ಜೋಳಿಗೆ ಖಾಲಿ. ಈ ಮಕ್ಕಳ ಸಂಸಾರ ನಡೆಯಲೆಂದು ನಾಟಕ ಕಂಪನಿಯನ್ನೂ ಕಟ್ಟಿದರು. ಇಷ್ಟರ ನಡುವೆ ಬೆಳಗಿನ ಶಿವಪೂಜೆ ತಪ್ಪಲಿಲ್ಲ, ತಂಬೂರಿಯ ಮುಂದಿನ ರಿಯಾಜೂ ತಪ್ಪಲಿಲ್ಲ. ಮುಂದೆ ಹಿಂದೂಸ್ತಾನಿ ಸಂಗೀತದ ಮೇರು ಎನಿಸಿದ ಬಸವರಾಜ ರಾಜಗುರು ಹುಡುಗನಾಗಿ ಬಂದು ಸೇರಿದ್ದು ಈ ಅಲೆಮಾರಿ ಗುರುಕುಲವನ್ನೇ.

ಅಲ್ಲಿಗೇ ಇನ್ನೊಂದು ಮಗುವೂ ಬಂತು. 1914ರಲ್ಲಿ ಅದೇ ಹಾನಗಲ್ ಸೀಮೆಯ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟಯ್ಯ. ಸೋದರಮಾವ ಕೈಹಿಡಿದು ತಂದು ಗವಾಯಿಗಳಿಗೆ ಒಪ್ಪಿಸಿದ. ಕಾಣದ ಗುರು, ಕಾಣದ ಶಿಷ್ಯ. ಕೈ ಹಿಡಿದು ಬೆರಳನ್ನು ಹಾರ್ಮೋನಿಯಮ್ಮಿನ ಪಟ್ಟಿಯ ಮೇಲೆ ಇಟ್ಟರೆ ಮಗು ಎಲ್ಲಿ ಎಡವುತ್ತದೆ, ಎಲ್ಲಿ ಹೆದರುತ್ತದೆ ಎಂಬುದು ಆ ಗುರುವಿಗೆ ತಿಳಿದೇ ಇತ್ತು. ತಾವೂ ಅಲ್ಲೇ ಎಡವಿದ್ದರಲ್ಲ! ಕಣ್ಣಿದ್ದ ಗುರು ಇದನ್ನು ಊಹಿಸಬಹುದಿತ್ತು. ಪಂಚಾಕ್ಷರರಿಗೆ ಊಹೆಯ ಅಗತ್ಯವಿರಲಿಲ್ಲ. ತಾವು ಪಟ್ಟ ಪಾಡೇ ಪಾಠ ಹೇಳುವ ಸಾಮರ್ಥ್ಯವಾಗಿತ್ತು. ನನ್ನ ಬೆರಗಿನ ಮೂಲ ಇರುವುದು ಇಲ್ಲಿ.

1944ರಲ್ಲಿ ಗುರು ಲಿಂಗೈಕ್ಯರಾದಾಗ ಪುಟ್ಟರಾಜ ಗವಾಯಿಗಳಾಗಿ ಬೆಳೆದಿದ್ದ ಪುಟ್ಟಯ್ಯನಿಗೆ ಮೂವತ್ತು ವರ್ಷ. ಬಳುವಳಿಯಾಗಿ ಬಂದದ್ದು ಆಸ್ತಿಯಲ್ಲ, ಗದುಗಿನಲ್ಲಿ ನೆಲೆಯೂರಿ ಪುಣ್ಯಾಶ್ರಮವಾಗಿದ್ದ ಆ ಗುರುಕುಲದ ಹಸಿದ ಮಕ್ಕಳ ದಂಡು. ಅದನ್ನು ಅವರು ಅರುವತ್ತಾರು ವರ್ಷ ಸಲಹಿದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ನುಡಿಸಿದರು. ಬ್ರೈಲ್ ಕಲಿತು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಕೃತಿ ರಚಿಸಿದರು. ನಾಟಕ ಬರೆದು ಆಡಿಸಿದರು. ಭಕ್ತರು ಮತ್ತೆ ಮತ್ತೆ ತುಲಾಭಾರ ಮಾಡಿದರು; ತಕ್ಕಡಿಗೆ ಬಿದ್ದದ್ದು ಮಕ್ಕಳ ಪ್ರಸಾದಕ್ಕೆ, ಪಾಠಕ್ಕೆ ಸಂದಿತು. ಅವರ ಬಳಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರ್ ಇಂದು ದೇಶವೇ ಕಿವಿಗೊಡುವ ಗಾಯಕರು. 2010ರಲ್ಲಿ ಪದ್ಮಭೂಷಣ ಬಂತು; ಅದೇ ವರ್ಷದ ಸೆಪ್ಟೆಂಬರ್ 17ರಂದು ಪುಟ್ಟರಾಜ ಅಜ್ಜಾವ್ರು ಲಿಂಗೈಕ್ಯರಾದರು.

ಇದನ್ನೆಲ್ಲ ನೆನೆಯುವಾಗ ಒಂದು ಎಚ್ಚರ ಇರಬೇಕು. ಕುರುಡುತನವೇ ಅವರನ್ನು ದೊಡ್ಡವರನ್ನಾಗಿ ಮಾಡಿತು ಎನ್ನುವುದು ಅನ್ಯಾಯದ ಮಾತು. ಅಷ್ಟೇ ಕಂಠವಿದ್ದ ಎಷ್ಟು ಮಕ್ಕಳು ಯಾರ ಕೈಗೂ ಸಿಗದೆ ಸಂತೆ ಜಾತ್ರೆಗಳಲ್ಲಿ ಕರಗಿಹೋದರೋ! ನೋವು ನೋವೇ, ಅದನ್ನು ಹೊಗಳಬೇಕಿಲ್ಲ, ದೇವರು ಕೊಟ್ಟ ವರ ಎಂದು ನೊಂದವರ ಮುಂದೆ ಉಪದೇಶಿಸಲೂಬಾರದು. ನೋವಿಗೆ ಅರ್ಥ ಬರುವುದು ಎರಡು ಗಳಿಗೆಗಳಲ್ಲಿ: ಯಾರೋ ಬಂದು ನಮ್ಮ ಕೈ ಹಿಡಿದಾಗ, ಆಮೇಲೆ ನಾವು ಇನ್ನೊಬ್ಬರ ಕೈ ಹಿಡಿದಾಗ. ಮೊದಲನೆಯದು ನಮ್ಮ ಸ್ವಾಧೀನದಲ್ಲಿಲ್ಲ. ಎರಡನೆಯದು ಪೂರ್ತಿಯಾಗಿ ನಮ್ಮದು. ಕುಮಾರ ಸ್ವಾಮಿಗಳಿಂದ ಪಂಚಾಕ್ಷರರಿಗೆ, ಅವರಿಂದ ಪುಟ್ಟರಾಜರಿಗೆ, ಅವರಿಂದ ಲೆಕ್ಕವಿಡಲಾಗದಷ್ಟು ಮಕ್ಕಳಿಗೆ ದಾಟಿದ್ದು ಈ ಕೈಹಿಡಿತವೇ. ಅಧ್ಯಾತ್ಮ ಎಂದು ನಾವು ಹುಡುಕುವುದು ಇದಕ್ಕಿಂತ ಬೇರೆ ಎಂದು ನನಗೆ ತೋರುವುದಿಲ್ಲ.

ಕಾಯಿಲೆ, ಸಾಲ, ಸಾವು, ಸೋಲು ಯಾವುದೇ ಇರಲಿ, ಅದನ್ನು ದಾಟಿ ಬಂದವರಿಗೆ ಉಳಿದವರಿಗೆ ಗೊತ್ತಿಲ್ಲದ ಒಂದಷ್ಟು ದಾರಿ ಗೊತ್ತಿರುತ್ತದೆ. ಅದನ್ನು ಬಚ್ಚಿಡಬೇಡಿ. ಅದೇ ದಾರಿಯ ಮೊದಲ ಹೆಜ್ಜೆಯಲ್ಲಿ ತಡವರಿಸುತ್ತಿರುವ ಒಬ್ಬರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಹೋಗಿ, ಅವರಿಗೆ ಹೇಳಿಕೊಡಿ.